ಅಪ್ಪ ತಂದ ಹಸಿರು ಬಳೆ

ಇಟ್ಟಿಗೆ ಬಣ್ಣ — ಕಾಗದದ ಮಡಿಕೆ ಒಂದಿಷ್ಟು ಸರಿದದ್ದೇ ತಡ ಸುವರ್ಣಮ್ಮನ ಕಣ್ಣಿಗೆ ಬಿದ್ದದ್ದು ಅದೇ, ಆಗತಾನೆ ಗೂಡಿನಿಂದ ತೆಗೆದ ಇಟ್ಟಿಗೆಯ ಬಣ್ಣ, ಅಯ್ಯೋ ಅಪ್ಪಾ, ಬಸುರಿ ಮಗಳಿಗೆ ಹಸಿರು ಬಳೆ ತರುವ ದಿನ ಇದೇನು ತಂದುಬಿಟ್ಟೆ, ಮಣೆಯ ಮೇಲೆ ಕೂತು ಎರಡೂ ಕೈ ಚಾಚಿಯಾಗಿದೆ, ಏಳು ತಿಂಗಳ ಹೊಟ್ಟೆ ಹೊತ್ತು ಎದ್ದು ಓಡುವ ಹಾಗೂ ಇಲ್ಲ, ಅತ್ತೆಮನೆಯ ಪಡಸಾಲೆ ತುಂಬ ದಂಡಿನಶಿವರದ ಹೆಂಗಸರು, ಬಾಗಿಲ ಬಳಿ ಗೋಡೆಗೊರಗಿ ಅಪ್ಪ, ಕಂದಿಕೆರೆಯಿಂದ ಬಸ್ಸು ಬದಲಾಯಿಸಿ ಬಂದ ಚಿಕ್ಕಹನುಮಯ್ಯ, ಇಸ್ತ್ರಿ ಮಾಡಿದ ಪಂಚೆ, ಹೊಸ ಟವೆಲ್ಲು, ಮುಖದಲ್ಲಿ ಪರೀಕ್ಷೆ ಪಾಸಾದವನ ಕಳೆ, ನಾನೇ ಆರ್ಸಿದ್ದು ಕಣವ್ವ, ಯಾರನ್ನೂ ಕೇಳ್ಲಿಲ್ಲ, ಮಳೇಲಿ ತೊಳೆದ ತೆಂಗಿನ ಗರಿ ಇದ್ದಂಗವೆ. ಅವ್ವ ಇದ್ದಿದ್ದರೆ — ಅಂಗಡಿಯಲ್ಲೇ ಮೆಲ್ಲಗೆ ಅಂಗಿಯ ತೋಳು ಎಳೆದು ಸರಿಯಾದದ್ದನ್ನು ಮುಂದಕ್ಕೆ ತಳ್ಳುತ್ತಿದ್ದಳು, ಅವಳಿದ್ದಷ್ಟು ದಿನ ಅಪ್ಪನ ಕಣ್ಣಿನ ಗುಟ್ಟು ಹೊಸ್ತಿಲು ದಾಟಲಿಲ್ಲ, ಮೆಣಸಿನ ಗಿಡದಲ್ಲಿ ಕಾಯಿ ಯಾವುದು ಹಣ್ಣು ಯಾವುದು ತಿಳಿಯದೆ ಅಪ್ಪ ಸಾಲಿಗೆ ಸಾಲೇ ಬೋಳಿಸಿದರೆ, ಉಪ್ಪಿನಕಾಯಿಗೆ ಬೇಕಿತ್ತು ಬುಡಿ ಅಂತ ಬುಟ್ಟಿ ಎತ್ತಿಕೊಳ್ಳುವಳು, ತೋಟದ ಹಸಿರಿನ ನಡುವೆ ಕೆಂಪು ಬಸ್ಸು ಬರುವುದು ಅಪ್ಪನಿಗೆ ಎಂದೂ ಕಾಣದು, ಸದ್ದಿಗೇ ಕೈ ಅಡ್ಡ ಹಾಕುವುದು, ಜೊತೆಯವರು ಏನು ಕಿವಿಯಪ್ಪ ನಿಂದು ಅಂತ ಮೆಚ್ಚುವುದು, ಅವ್ವ ಸೆರಗಿನಲ್ಲಿ ನಗುವುದು, ಈಗ ಅವ್ವ ಇಲ್ಲ, ಎರಡು ವರ್ಷವಾಯಿತು, ಮುದುಕ ಒಬ್ಬನೇ ಬಳೆ ಅಂಗಡಿಗೆ ಹೋಗಿದ್ದಾನೆ, ಎಂಥ ಧೈರ್ಯ, ನಗು ಬರುತ್ತಿದೆ, ಅಳುವೂ.

ಬಿ.ಎಸ್ಸಿ. ಓದುವಾಗ ಬಣ್ಣಗುರುಡಿನ ಪಾಠ ಆದ ದಿನವೇ ಅಪ್ಪನ ಕಣ್ಣು ಅರ್ಥವಾದದ್ದು, ಈಗ ಹೈಸ್ಕೂಲಿನಲ್ಲಿ ಅದನ್ನು ಹೇಳಿಕೊಡುವವಳು ಇವಳೇ, ಕರಿಹಲಗೆಯ ಮೇಲೆ ದೊಡ್ಡ ಕಣ್ಣು ಬರೆದು, ನೋಡ್ರೋ, ಮಗು ಹೊಟ್ಟೆಯಲ್ಲಿರುವಾಗಲೇ ಕಣ್ಣಿನ ಒಳಪರದೆಯ ನರಕೋಶಗಳಿಗೆಲ್ಲ ವಂಶವಾಹಿಗಳು ಕೆಲಸ ಹಂಚುತ್ತವೆ, ಮದುವೆ ಮನೆಯಲ್ಲಿ ಯಜಮಾನ ಹಂಚಿದ ಹಾಗೆ, ನೀನು ಮಬ್ಬು ಬೆಳಕು ನೋಡಿಕೋ, ನೀನು ಕೆಂಪು, ನೀನು ಹಸಿರು, ನೀನು ನೀಲಿ — ಅಪ್ಪನ ಕಣ್ಣಲ್ಲಿ ಹಸಿರು ನೋಡುವವನಿಗೆ ಸರಿಯಾಗಿ ಹೇಳುವುದು ಮರೆತುಹೋಯಿತು, ಅಷ್ಟೇ, ಆ ಮರೆವು ನನ್ನೊಳಗೂ ಇದೆ, ಪಕ್ಕದಲ್ಲೇ ಅವ್ವ ಕೊಟ್ಟದ್ದೂ ಇರುವುದರಿಂದ ನನ್ನ ಕಣ್ಣು ಬಚಾವು, ಅಲ್ಲಿಯೂ ಅಪ್ಪನ ಹಿಂದೆ ಅವ್ವ, ಹೊಟ್ಟೆಯಲ್ಲಿರುವ ಇದು ಗಂಡಾದರೆ ಎರಡರಲ್ಲಿ ಯಾವುದೋ ಒಂದು ಇದರ ಪಾಲಿಗೆ, ಅಜ್ಜಿಯದೋ ಅಜ್ಜನದೋ, ಈ ಹೊತ್ತಿಗೆ ಕೆಲಸ ಹಂಚಿ ಮುಗಿದೇ ಹೋಗಿದೆ, ಕತ್ತಲಲ್ಲಿ ಕಣ್ಣು ಮುಚ್ಚಿ ಕೂತಿದೆ ಕಳ್ಳ. ಬಳೆ ತೊಡಿಸಲು ಕೂತ ಪಕ್ಕದ ಮನೆಯ ರಂಗಕ್ಕ ಕಾಗದ ಪೂರ್ತಿ ಬಿಚ್ಚಿದಳು, ಹುಬ್ಬು ಮೇಲೇರಿತು, ಬಾಯಿ ತೆರೆಯಿತು, ಊರಿಗೆಲ್ಲ ಡಂಗುರ ಆ ಬಾಯಿ, ಈಗ ಅಂದುಬಿಟ್ಟರೆ ಬೀಗರ ಪಡಸಾಲೆಯಲ್ಲಿ ಅಪ್ಪನ ತಲೆ ತಗ್ಗುತ್ತದೆ, ಇನ್ನೆಂದೂ ಒಬ್ಬನೇ ಅಂಗಡಿ ಮೆಟ್ಟಿಲು ಹತ್ತುವುದಿಲ್ಲ, ನಾನೇ ಕೆಂಪು ತರಲು ಹೇಳಿದ್ದೆ ಅನ್ನಲೇ, ಅಂದರೆ ತಂದದ್ದು ಕೆಂಪು ಅಂತ ಅವನಿಗೇ ಗೊತ್ತಾಗುತ್ತದೆ, ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಇದೇನಮ್ಮ ಬೀಗರು ಕೆಂ — ರಂಗಕ್ಕನ ಮಾತು ಮುಗಿಯುವ ಮುಂಚೆಯೇ, ಹಸಿರು ಬಳೆ ಎಷ್ಟು ಚೆನ್ನಾಗವೆ ಅಲ್ವಾ ಅತ್ತೆ.

ಯಾರ ದನಿ ಅದು, ತನ್ನದೇ, ಪಾಠ ಹೇಳುವ ದನಿ, ಶಾಸ್ತ್ರದಲ್ಲಿ ಎಳ್ಳಷ್ಟೂ ಬಿಡದ ಹೆಂಗಸು ಅತ್ತೆ ಅಂಕಮ್ಮ, ಬಳೆ ನೋಡಿದರು, ಸೊಸೆಯ ಮುಖ ನೋಡಿದರು, ಬಾಗಿಲ ಬಳಿ ಹೊಸ ಟವೆಲ್ಲು ಹೊದ್ದು ಹಿಗ್ಗುತ್ತಿರುವ ಬೀಗರನ್ನು ನೋಡಿದರು, ತುಂಬ ಹೊತ್ತು ನೋಡಿದರು, ಹಸಿರೇ ಕಣೇ ರಂಗಕ್ಕ, ನಿನ್ನ ಕಣ್ಣಿಗೇನಾಗೈತೆ, ಹೊತ್ತು ಮಾಡ್ಬೇಡ ತೊಡಿಸು. ಅತ್ತೇ, ನಿಮ್ಮ ಕಾಲಿಗೆ ಬೀಳಬೇಕು ನಾನು, ಈ ಹೊಟ್ಟೆ ಬಿಡುವುದಿಲ್ಲ, ರಂಗಕ್ಕ ಒಂದು ಬಳೆ ಬೆಳಕಿಗೆ ಹಿಡಿದು ನೋಡುತ್ತಾಳೆ, ಕಣ್ಣುಜ್ಜುತ್ತಾಳೆ, ಹೆಂಗಸರೆಲ್ಲ ಒಬ್ಬೊಬ್ಬರಾಗಿ ಮಾಡಿನ ಹೆಂಚು ನೋಡುತ್ತಿದ್ದಾರೆ, ಹೂಂ ಕಣಮ್ಮ, ಹಸಿರೇ, ಅಂತ ಅವಳೂ ಸೋತಳು, ಯಾರೋ ನಗು ತಡೆಯಲಾರದೆ ಕೆಮ್ಮಿದರು, ಬಳೆ ಗೆಣ್ಣು ದಾಟಿ ಘಲ್ ಅಂದವು, ಒಳಗೊಂದು ಒದೆ, ಕೇಳಿಸಿತೇನೋ ಕಳ್ಳಾ, ಯಾವ ಕಣ್ಣು ಬೇಕಾದರೂ ತಾ, ಅಜ್ಜನದೇ ತಂದರೆ ಇಬ್ಬರೂ ಹೋಗಿ ಮೆಣಸಿನ ಸಾಲು ಬೋಳಿಸಿ ಬನ್ನಿ, ಉಪ್ಪಿನಕಾಯಿಗೆ ಬೇಕಿತ್ತು ಬುಡಿ ಅನ್ನುತ್ತೇನೆ, ಜಾಡಿ ತೊಳೆದಿಟ್ಟಿರುತ್ತೇನೆ, ಅವ್ವನ ಜಾಡಿ — ಅಪ್ಪ ಅಲ್ಲಿಂದಲೇ ಕತ್ತು ಉದ್ದ ಮಾಡಿ ಇವಳ ಕೈ ನೋಡುತ್ತಿದ್ದಾನೆ, ಇವಳೂ ನೋಡುತ್ತಾಳೆ, ಇಟ್ಟಿಗೆ ಬಣ್ಣ, ಮಳೆಯಲ್ಲಿ ತೊಳೆದ ಗರಿ, ಇಟ್ಟಿಗೆ ಬಣ್ಣ, ಕೈ ತುಂಬ ಇಟ್ಟಿಗೆ ಬಣ್ಣ, ಹಸಿರು.