ಯಾರನ್ನೂ ಹತ್ತಿಸದ ಇಳಿಜಾರು

ನಾನು ಒಂದು ಇಳಿಜಾರು. ರಸ್ತೆಯಿಂದ ನಮ್ಮೂರ ಗ್ರಂಥಾಲಯದ ಬಾಗಿಲಿಗೆ ಹೋಗುವ ಸಿಮೆಂಟಿನ ದಾರಿ. ಜನ ರ‍್ಯಾಂಪ್ ಅನ್ನುತ್ತಾರೆ. ಗಾಲಿಕುರ್ಚಿಯವರೂ ಒಳಗೆ ಹೋಗಲಿ ಎಂದು ನನ್ನನ್ನು ಕಟ್ಟಿದ್ದು.

ಹುಟ್ಟಿದ್ದೇ ಅವಸರದಲ್ಲಿ. ಮೇಲಿನ ಸಾಹೇಬರು ತಪಾಸಣೆಗೆ ಬರುವವರಿದ್ದರು. ಎದುರಿಗೆ ಚರಂಡಿ, ಉದ್ದ ಬಿಡಲು ಜಾಗವಿಲ್ಲ. ಗಿಡ್ಡವಾಗಿ, ಕಡಿದಾಗಿ ಎತ್ತಿದರು. ಚೆಂದ ಕಾಣಲೆಂದು ಮೈಯೆಲ್ಲ ನುಣ್ಣಗೆ ತೀಡಿದರು. ಸಾಹೇಬರು ಜೀಪಿನಲ್ಲಿ ಕೂತೇ ನೋಡಿ ತಲೆಯಾಡಿಸಿದರು. ನನಗೆ ಹಿಗ್ಗೋ ಹಿಗ್ಗು.

ಮಳೆಗಾಲ ಮುಗಿದ ಮೇಲೆ ಫಮೀದಾ ಬಂದಳು. ಓಣಿಯ ಹೆಂಗಸರ ಬಟ್ಟೆ ಹೊಲಿದು ಬದುಕುವವಳು. ಕಾಲುಗಳಲ್ಲಿ ಬಲವಿಲ್ಲ, ಗಾಲಿಕುರ್ಚಿಯನ್ನು ತಾನೇ ತಳ್ಳಿಕೊಂಡು ಬಂದಿದ್ದಳು. ಗ್ರಂಥಪಾಲಕ ವಿರೂಪಾಕ್ಷಯ್ಯ ಹೊರಗೆ ಬಂದರು.

"ಯಾವ ಪುಸ್ತಕ ಬೇಕು ಹೇಳವಾ, ನಾನ ತಂದು ಕೊಡ್ತೇನಿ."

"ಹೆಸರು ಗೊತ್ತಿಲ್ರೀ ಸರ. ಕಪಾಟಿನ ಮುಂದ ಕುಂತು, ಒಂದೊಂದ ತಗದು ನೋಡಿ ಆರಿಸ್ಕೋಬೇಕು ಅಂತ ಆಸೆ."

"ಹಂಗಾದ್ರ ಇಬ್ರು ಕೂಡಿ ಎತ್ತಿ ಒಯ್ತೀವಿ."

"ಬ್ಯಾಡ್ರೀ. ಹುಟ್ಟಿದಾಗಿಂದ ಎತ್ತಿಸ್ಕೊಂಡ ಬಂದೀನಿ. ಈಗ ರ‍್ಯಾಂಪ್ ಐತೆಲ್ಲ, ನಾನ ಹತ್ತತೇನಿ."

ಹತ್ತತೊಡಗಿದಳು. ಹಲ್ಲು ಕಚ್ಚಿ ಗಾಲಿ ತಿರುವಿದಳು. ಅವಳ ಉಸಿರು ನನಗೆ ಕೇಳುತ್ತಿತ್ತು. ಬಾಗಿಲು ಇನ್ನೇನು ಕೈಗೆ ಸಿಕ್ಕಿತು ಎನ್ನುವಾಗ ಗಾಲಿ ಜಾರಿತು. ಹಿಡಿದುಕೊಳ್ಳಲು ನನ್ನ ನುಣುಪಿನಲ್ಲಿ ಏನಿತ್ತು? ವಿರೂಪಾಕ್ಷಯ್ಯ ಓಡಿ ಬರುವಷ್ಟರಲ್ಲಿ ಕುರ್ಚಿ ಹಿಮ್ಮುಖವಾಗಿ ಉರುಳಿತು. ಅವಳ ಬಲಗೈ ಕೆಳಗೆ ಸಿಕ್ಕಿತು.

ಮರುವಾರ ನನಗೆ ಅಡ್ಡಲಾಗಿ ಕಬ್ಬಿಣದ ಸರಪಳಿ ಕಟ್ಟಿದರು. ಇನ್ನಾರೂ ಬೀಳಬಾರದಂತೆ.

ಬೇಸಿಗೆಯಲ್ಲಿ ಅವಳು ಮತ್ತೊಮ್ಮೆ ಬಂದಳು. ತಂಗಿ ಕುರ್ಚಿ ತಳ್ಳುತ್ತಿದ್ದಳು. ಫಮೀದಾಳ ಮುರಿದ ಮಣಿಕಟ್ಟು ಸೊಟ್ಟಗೆ ಕೂಡಿಕೊಂಡಿತ್ತು. ಕತ್ತರಿ ಹಿಡಿಯಲು ಬರುತ್ತಿರಲಿಲ್ಲ.

"ಈ ರ‍್ಯಾಂಪ್ ಒಡದು ಸರಿಯಾಗಿ ಕಟ್ಟಾಕ ಆಗೂದಿಲ್ಲೇನ್ರೀ ಸರ?"

ವಿರೂಪಾಕ್ಷಯ್ಯ ತಲೆ ತಗ್ಗಿಸಿದರು. "ಕೇಳೀನವಾ. ಒಂದ ಸಲ ಅಲ್ಲ. ಕಟ್ಟಡಕ್ಕ ರ‍್ಯಾಂಪ್ ಐತಿ, ಇನ್ನೊಂದು ಕೊಡಾಕ ಬರೂದಿಲ್ಲ ಅಂತಾರ ಮ್ಯಾಲಿನವರು."

ಅವಳು ನನ್ನತ್ತ ನೋಡಿದಳು. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ನಡಿ" ಎಂದು ತಂಗಿಗೆ ಹೇಳಿದಳು. ಮತ್ತೆ ಬರಲಿಲ್ಲ.

ಈಗ ನನ್ನ ಅಂಚುಗಳು ಉದುರುತ್ತಿವೆ. ಓದಲು ಬಂದವರು ಬೈಕನ್ನು ನನ್ನ ಬುಡಕ್ಕೆ ಒರಗಿಸಿ, ಮೆಟ್ಟಿಲು ಹತ್ತಿ ಹೋಗುತ್ತಾರೆ. ಮಧ್ಯಾಹ್ನ ನಾಯಿಗಳು ಮಲಗುತ್ತವೆ. ದಾರಿಯೇ ಇಲ್ಲದಿದ್ದರೆ ಎಂದಾದರೂ ಒಂದು ದಾರಿ ಕಟ್ಟುತ್ತಿದ್ದರೇನೋ. ಆದರೆ ಕೇಳಿದವರಿಗೆಲ್ಲ ತೋರಿಸಲು ನಾನಿದ್ದೇನೆ. ನಾನಿರುವತನಕ ಫಮೀದಾ ಹೊರಗೇ.