ಮೂವತ್ತರ ಮೇಲೆ ಬೇಡ

ಕಂಪ್ಯೂಟರು ಮತ್ತೆ ಟಣ್ ಎಂದಿತು, ಪರದೆಯ ಮೇಲೆ ಆ ಬೂದುಬಣ್ಣದ ಚೌಕ ಅರ್ಜಿಯ ನಟ್ಟನಡುವೆ ಬಂದು ಕೂತಿತು, ದಯವಿಟ್ಟು ಸರಿಯಾದ ವಯಸ್ಸು ಬರೆಯಿರಿ ಎಂದು ಇಂಗ್ಲಿಷಿನಲ್ಲಿ, ಮರ್ಯಾದೆಯಿಂದಲೇ — ಆ ಮರ್ಯಾದೆಯ ಮಾತನ್ನು ಬರೆದವಳು ವಾಣಿಯೇ, ಹೋದ ತಿಂಗಳು, ಇದೇ ಕುರ್ಚಿಯಲ್ಲಿ ಕೂತು, ಈ ವಧೂವರ ಕೇಂದ್ರದ ಯಜಮಾನ ತಿಪ್ಪೇರುದ್ರಪ್ಪನವರು ಬೆನ್ನ ಹಿಂದೆ ನಿಂತು ಬರೆಸಿದ್ದು, ಹೆಣ್ಣಿಗೆ ಮೂವತ್ತರ ಮ್ಯಾಲೆ ಬ್ಯಾಡಮ್ಮ, ಗಂಡಿನೋರು ತಿರುಗೀನೂ ನೋಡಲ್ಲ, ಸುಮ್ನೆ ಜಾಗ ತಿಂತಾವು, ಗಂಡಿಗೆ ಐವತ್ತು ಹಾಕು, ಹಾಕಿದಳು, ಐವತ್ತು ಎನ್ನುವಾಗ ಆ ಮನುಷ್ಯನಿಗೆ ನಗು ಕೂಡ ಬರಲಿಲ್ಲ, ಮೂವತ್ತು ದಾಟಿದವಳೊಬ್ಬಳು ಕಣ್ಣೆದುರೇ ಕೂತಿದ್ದಾಳೆಂದು ಹೊಳೆಯಲೂ ಇಲ್ಲ, ಮೇಜಿಗೆ ಯಾರಾದರೂ ವಯಸ್ಸು ಕೇಳುತ್ತಾರೆಯೇ. ಹುಟ್ಟಿದ್ದು ಅರವತ್ತೆಂಟು, ಈಗ ತೊಂಬತ್ತೊಂಬತ್ತು, ಮೂವತ್ತೊಂದು ತುಂಬಿದೆ ಎಂದರೆ ಹರಿಹರದ ಪಕ್ಕದ ಮನೆ ಭೀಮವ್ವ ಒಪ್ಪುವುದಿಲ್ಲ, ತುಂಬಿದ್ದು ಯಾರಿಗ್ ಬೇಕವ್ವಾ, ಮೂವತ್ತೆರಡ್ರಾಗ ಬಿದ್ದಿ ಅನ್ನು — ಬೀಳುವುದು, ಎಂಥ ಮಾತು, ಗಂಡಸರಿಗೆ ವಯಸ್ಸು ತುಂಬುತ್ತದೆ, ಹೆಂಗಸರು ವಯಸ್ಸಿನೊಳಗೆ ಬೀಳುತ್ತಾರೆ, ಅಮ್ಮ ಇದ್ದಿದ್ದರೆ ಎರಡು ವರ್ಷ ಕದ್ದು ಹೇಳುತ್ತಿದ್ದಳು, ಕದಿಯುವುದಕ್ಕೂ ಮನೆಯಲ್ಲಿ ಒಬ್ಬರು ಬೇಕು, ಅಪ್ಪ ಹೋಗಿ ಒಂಬತ್ತು ವರ್ಷ, ಅಮ್ಮ ಹೋಗಿ ಎರಡು, ಸಂಜೆ ಬಸ್ಸಿಳಿದು ಬೀಗ ತೆಗೆದರೆ ಬೆಳಿಗ್ಗೆ ಕುಡಿದಿಟ್ಟ ಲೋಟ ಇಟ್ಟಲ್ಲೇ ಇರುತ್ತದೆ, ಯಾರೂ ಸರಿಸಿರುವುದಿಲ್ಲ, ಅದೇ ಸಾಕಾಗಿಹೋಗಿದೆ ಅವಳಿಗೆ.

ನಿನ್ನೆ ಬಂದ ಅರ್ಜಿಗಳಲ್ಲಿ ಭಾನುವಳ್ಳಿಯ ರುದ್ರಮುನಿ ಸಿಕ್ಕ, ಹೈಸ್ಕೂಲು ಮೇಷ್ಟ್ರು, ಮೂವತ್ತೇಳು, ಹುಡುಗಿ ಹೇಗಿರಬೇಕು ಎಂಬ ಖಾನೆಯಲ್ಲಿ ಎಲ್ಲರೂ ಬೆಳ್ಳಗೆ, ತೆಳ್ಳಗೆ ಎಂದು ತುಂಬಿದರೆ ಈತ ಬರೆದದ್ದು ಸಂಜೆ ಹೊತ್ತು ಮಾತಾಡುವವರು ಬೇಕು, ಅಷ್ಟೇ, ಅದನ್ನು ಮೂರು ಸಲ ಓದಿದಳು, ನಾಳೆ ಶನಿವಾರ, ಸರ್ವರಿನಲ್ಲಿರುವ ಹೆಣ್ಣುಗಳ ಪಟ್ಟಿ ಅಚ್ಚಾಗಿ ಅವನಿಗೂ ಅಂಚೆಯಲ್ಲಿ ಹೋಗುತ್ತದೆ, ಅದರಲ್ಲಿ ತಾನಿರಬೇಕು, ಇರಲೇಬೇಕು, ಇಪ್ಪತ್ತೊಂಬತ್ತು ಎಂದು ಒತ್ತಿದರೆ ಈಗಲೇ ಹೋಗುತ್ತದೆ, ಬೇಡ, ಮೊದಲ ಮಾತೇ ಸುಳ್ಳಾದರೆ ಆಮೇಲೆ ಎದುರು ಕೂತು ಏನು ಮಾತಾಡುವುದು, ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆ ಊಟದ ಹೊತ್ತಿಗೆ ಬಿಕೋ ಎನ್ನುತ್ತಿದೆ, ಹೊರಗೆ ಯಾರೋ ಲೂನಾದ ಪೆಡಲು ತುಳಿಯುತ್ತಿದ್ದಾರೆ, ಯಜಮಾನರು ಬರಲು ಇನ್ನು ಹದಿನೈದು ನಿಮಿಷ — ಆಗ ಹೊಳೆಯಿತು, ಅಯ್ಯೋ ಮಂಕೇ, ತಡೆಯುತ್ತಿರುವುದು ಬೆಂಗಳೂರಿನ ಸರ್ವರ್ ಅಲ್ಲ, ಇಲ್ಲೇ ಬ್ರೌಸರಿನಲ್ಲಿ ಓಡುವ ನಾಲ್ಕು ಸಾಲಿನ ಸ್ಕ್ರಿಪ್ಟು, ಬಾಗಿಲಲ್ಲಿ ನಿಂತವನಷ್ಟೇ ವಯಸ್ಸು ಕೇಳುತ್ತಾನೆ, ಒಳಗಿನವನು ಬಂದದ್ದನ್ನು ಬಂದಹಾಗೆ ಬರೆದುಕೊಳ್ಳುತ್ತಾನೆ, ಅಲ್ಲೂ ಒಂದು ಪರೀಕ್ಷೆ ಇಡಬೇಕೆಂದು ಅವಳಿಗೆ ತೋಚಿರಲಿಲ್ಲ, ಆ ತಪ್ಪಿಗೆ ಈಗ ಕೈಮುಗಿಯಬೇಕು, ಮೆನು ತೆರೆದು ಸ್ಕ್ರಿಪ್ಟ್ ಓಡದಂತೆ ಟಿಕ್ ತೆಗೆದಳು, ಹೆಸರು ವಾಣಿ, ಊರು ಹರಿಹರ, ವಯಸ್ಸು ಮೂವತ್ತೊಂದು, ಹುಡುಗ ಹೇಗಿರಬೇಕು — ಬೆರಳು ನಿಂತಿತು, ಸಂಜೆ ಹೊತ್ತು ಎಂದು ಬರೆದು, ಅಳಿಸಿ, ಮತ್ತೆ ಬರೆದು, ಕಳುಹಿಸು ಎಂಬ ಗುಂಡಿ ಒತ್ತಿದಳು, ಟಣ್ ಎನ್ನಲಿಲ್ಲ, ಮೋಡೆಮ್ಮಿನ ದೀಪ ಮಿಣುಕಿತು, ಹೋಯಿತು, ಹೋಗಿಯೇ ಬಿಟ್ಟಿತು, ನಗು ಬರುತ್ತಿದೆ, ಯಾರಿಗಾದರೂ ಹೇಳಬೇಕು, ಯಾರಿಗೆ — ಅಷ್ಟರಲ್ಲಿ ಸರ್ವರಿನ ಉತ್ತರ ಸಾಲುಸಾಲಾಗಿ ಇಳಿಯತೊಡಗಿತು, ಅದೂ ಅವಳೇ ಬರೆದಿಟ್ಟ ಉತ್ತರ, ಹೆಣ್ಣಿನ ಅರ್ಜಿಯನ್ನು ಹೆಣ್ಣೇ ತುಂಬುತ್ತಾಳೆಂದು ದಾವಣಗೆರೆಯಲ್ಲಿ ಯಾರು ಎಣಿಸುತ್ತಾರೆ, ಅವಳೂ ಎಣಿಸಿರಲಿಲ್ಲ, ತಂದೆತಾಯಿಯರಿಗೆ ನಮಸ್ಕಾರ, ನಿಮ್ಮ ಮಗಳು ವಾಣಿಯ ವಿವರ ನಮಗೆ ತಲುಪಿದೆ, ಅವಳು ಗಾಜಿನ ಮೇಲೆ ಬೆರಳಿಟ್ಟು ಓದಿದಳು, ನಿಮ್ಮ ಮಗಳು, ಯಾರ, ನಿಮ್ಮ ಮಗಳು — ನಿಮ್ಮ ಮಗಳು ವಾಣಿ.