ಸ್ಪೀಕರಿನ ಮುಂದೆ ನಿಂತವಳು

ಸ್ಪೀಕರಿನ ಕಾಗದ ಹರಿದದ್ದು ಒಂದು ಮದುವೆಯ ಪಾರ್ಟಿಯಲ್ಲಿ, ನಿಧಾನವಾದ ಹಾಡೊಂದರ ನಡುವೆ. ಯಾರೋ ಕಾಗದದ ಚೀಲ ಮುದುಡುತ್ತಿದ್ದಾರೆ ಎಂದುಕೊಂಡು ಮುಂದಿನ ಸಾಲಿನವರು ಹಿಂದಿನ ಸಾಲಿನವರನ್ನು ಕೆಕ್ಕರಿಸಿ ನೋಡಿದರು. ಗಿಟಾರಿನ ಒಂದೊಂದು ಸ್ವರದ ಬಾಲಕ್ಕೂ ಆ ಪರಪರ ಸದ್ದು ಅಂಟಿಕೊಂಡು ಬರತೊಡಗಿದಾಗ ಮರಿಯ ಮುಖ ಬಿಳುಚಿಕೊಂಡಿತು.

ಮರಿ ಎಂದರೆ ಚಿಕ್ಕ ಹುಡುಗನೇನಲ್ಲ. ಐವತ್ತು ದಾಟಿದ, ತಲೆ ನುಣ್ಣಗಾದ, ಎರಡು ಕನ್ನಡಕ ಇಟ್ಟುಕೊಂಡು ಸದಾ ಎರಡನ್ನೂ ಹುಡುಕುವ ಮನುಷ್ಯ. ಆದರೆ ಅವನ ಅತ್ತಿಗೆ ಸೊಸೆಯಾಗಿ ಆ ಮನೆಗೆ ಬಂದಾಗ ಅವನು ಕನ್ನಡಿಯ ಮುಂದೆ ನಿಂತು ಮೀಸೆಗಾಗಿ ಕಾಯುತ್ತಿದ್ದ. ಅವತ್ತು ಅವಳು ಮರಿ ಎಂದು ಕರೆದಳು, ಅದೇ ಗಟ್ಟಿಯಾಯಿತು. ಅವನು ಗಿಟಾರ್ ನುಡಿಸುತ್ತಾನೆ, ಅವನ ಅಣ್ಣ, ಅಂದರೆ ಅತ್ತಿಗೆಯ ಗಂಡ, ಡ್ರಮ್ ಬಾರಿಸುತ್ತಾನೆ, ಅತ್ತಿಗೆ ಹಾಡುತ್ತಾಳೆ. ಮನೆಯವರೇ ಮೂರು ಜನ ಸೇರಿ ಕಟ್ಟಿಕೊಂಡ ಮೇಳ, ಜಗಳವಾದರೂ ಒಂದೇ ವ್ಯಾನಿನಲ್ಲಿ ಮನೆಗೆ ಬರಬೇಕು.

ಹರಿದ ಸ್ಪೀಕರ್ ಇದ್ದದ್ದು ಮರಿಯ ಆಂಪ್ಲಿಫೈಯರಿನಲ್ಲಿ. ಅವರಪ್ಪನ ಕಾಲದ ಪೆಟ್ಟಿಗೆಗಳ ಧಾಟಿಯಲ್ಲೇ ಒಳಗೆ ಗಾಜಿನ ವಾಲ್ವು, ಮುಂದೆ ದಪ್ಪ ನೇಯ್ಗೆಯ ಬಟ್ಟೆ ಇಟ್ಟು, ಹಿಂಬದಿ ತೆರೆದೇ ಬಿಟ್ಟು ಯಾವುದೋ ಕಾರ್ಖಾನೆ ಮಾಡಿದ್ದು. ಮರಿ ಅದನ್ನು ಹರೆಯದಲ್ಲಿ ಕೊಂಡ. ಅದರ ಮೇಲೆ ಯಾರಾದರೂ ಲೋಟ ಇಟ್ಟರೋ, ಅವತ್ತು ಮನೆಯಲ್ಲಿ ಯುದ್ಧ. ನಿಮ್ಮ ಮೈದುನನಿಗೆ ಯಾಕೆ ಮದುವೆ ಆಗಲಿಲ್ಲ ಎಂದು ಕೇಳಿದವರಿಗೆ ಅತ್ತಿಗೆ, "ಆಗಿದೆಯಲ್ಲ, ಮೂಲೇಲಿ ಕೂತಿದೆ ನೋಡಿ" ಎನ್ನುತ್ತಿದ್ದಳು.

ಸ್ಪೀಕರ್ ಹೋದ ಮಾರನೆ ದಿನ ಮರಿ ತಲೆ ಮೇಲೆ ಕೈ ಹೊತ್ತು ಕೂತ. ತಟ್ಟೆ ಮುಂದಿಟ್ಟರೆ ಗೋಡೆ ನೋಡುತ್ತಾನೆ. ಅಣ್ಣನಿಗೆ ನೋಡಲಾಗಲಿಲ್ಲ.

"ಹೋಗ್ಲಿ ಬಿಡೋ. ಅದು ಈಚೆಗೆ ಮಂಕು ಹಿಡಿದಿತ್ತು ತಾನೇ? ಒಳ್ಳೇದು ನೋಡಿ ಹೊಸಾದು ಹಾಕ್ಸು. ನೀನು ತಂದಾಗ ಹೇಗಿತ್ತೋ ಹಾಗೇ ಆಗುತ್ತೆ."

ಮರಿಯ ಕಣ್ಣು ಅರಳಿತು. "ಹೌದಲ್ವಾ? ಆ ಮೊದಲಿನ ಮಿಂಚು ವಾಪಸ್ ಬರುತ್ತೆ ಅಲ್ವಾ?"

ಪಾತ್ರೆ ಎತ್ತಿಡುತ್ತಿದ್ದ ಅತ್ತಿಗೆ ಕೈಲಿದ್ದದ್ದನ್ನು ಮತ್ತೆ ಕೆಳಗಿಟ್ಟಳು. ಆ ಮಿಂಚು ವಾಪಸ್ ಬರಬಾರದು ಎಂದು ಆ ಮನೆಯಲ್ಲಿ ಬಯಸುತ್ತಿದ್ದವಳು ಅವಳೊಬ್ಬಳೇ.

ಹೋದ ವರ್ಷ ಅವಳ ಗಂಟಲಿನ ಆಪರೇಷನ್ ಆಗಿತ್ತು. ಸಣ್ಣ ಗಂಟು, ಹೆದರುವಂಥದ್ದೇನಲ್ಲ ಎಂದು ಡಾಕ್ಟರು ತೆಗೆದುಹಾಕಿದರು. ಕೆಲವು ವಾರ ಸನ್ನೆಯಲ್ಲೇ ಸಂಸಾರ ನಡೆಸಿದಳು. ಆಮೇಲೆ ದನಿ ಬಂತು, ಪೂರ್ತಿ ಬರಲಿಲ್ಲ. ಮೇಲಿನ ಸ್ವರಗಳು ಹೇಳದೆ ಕೇಳದೆ ಮನೆ ಖಾಲಿ ಮಾಡಿದ ಬಾಡಿಗೆಯವರ ಹಾಗೆ ಹೊರಟುಹೋಗಿದ್ದವು. ಉಳಿದದ್ದು ಕೆಳಗಿನ ದನಿ, ಅದರಲ್ಲೂ ಮೊದಲಿನ ಅರ್ಧ ಜೋರು. ಅವಳು ಯಾರ ಹತ್ತಿರವೂ ಬಾಯಿ ಬಿಡಲಿಲ್ಲ. "ಈ ಹಾಡು ಒಂಚೂರು ಕೆಳಗಿನ ಶ್ರುತೀಲಿ ಚೆನ್ನಾಗಿರುತ್ತೆ ಅನ್ಸುತ್ತೆ" ಎಂದು ಒಂದೊಂದೇ ಹಾಡನ್ನು ಕೆಳಗಿಳಿಸಿದಳು. ಅಣ್ಣತಮ್ಮ ಇಬ್ಬರೂ ಹೂಂ ಎಂದರು. ತಮ್ಮ ವಾದ್ಯದ ತಿರುಪು ಕೂದಲೆಳೆಯಷ್ಟು ಸಡಿಲವಾದರೂ ಈ ಗಂಡಸರಿಗೆ ಗೊತ್ತಾಗುತ್ತದೆ, ಜೊತೆಗಿರುವ ಹೆಂಗಸಿನ ದನಿ ಅರ್ಧ ಹೋದರೆ ಗೊತ್ತಾಗುವುದಿಲ್ಲ.

ಅಷ್ಟಾದರೂ ಅವಳ ಹಾಡು ಹೇಗೋ ನಡೆದಿತ್ತು. ಅದಕ್ಕೆ ಕಾರಣ ಆ ಮುದಿ ಸ್ಪೀಕರ್. ಅದರೊಳಗೆ ಅದುರಿ ಸದ್ದು ಮಾಡುವ ಕಾಗದದ ಕೋನ್ ಮೆತ್ತಗಾಗಿ, ಚೂಪೆಲ್ಲ ಸವೆದು, ಗಿಟಾರು ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತಿತ್ತು. ಆ ಮೆದುವಿನ ನಡುವೆ ಅವಳ ಉಳಿದ ದನಿಗೆ ಜಾಗ ಸಿಗುತ್ತಿತ್ತು. ಮೈಕ್ ಜೋರು ಮಾಡೋಣವೆಂದರೆ ಒಂದು ಮಿತಿ ದಾಟಿದ ಕೂಡಲೇ ಅದು ಕುಯ್ಯೋ ಎಂದು ಅರಚುತ್ತದೆ. ಹೊಸ ಸ್ಪೀಕರ್ ಮೊದಲಿನಂತೆ ಝಣಝಣ ಅಂದರೆ ಅದರ ಮೇಲೆ ಕೂಗಿ ಹಾಡಬೇಕು, ಕೂಗಲು ಅವಳಿಂದ ಆಗುವುದಿಲ್ಲ, ಅಲ್ಲಿಗೆ ಅವಳ ಹಾಡು ಮುಗಿಯಿತು.

"ಅಂಗಡಿಗೆ ನಾನೂ ಬರ್ತೀನಿ" ಎಂದಳು.

"ನೀವಿಲ್ದೆ ಹೋಗ್ತೀನಾ ಅತ್ತಿಗೆ? ಮುಂದೆ ನಿಲ್ಲೋರು ಯಾರು ಮತ್ತೆ?"

ಅದು ಅವರ ಮೇಳದ ಪದ್ಧತಿ. ಗಿಟಾರಿನವನು ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ಅದಕ್ಕೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಸದ್ದಿನ ಚೂಪೆಲ್ಲ ಅವನ ಕಾಲ ಸಂದಿಯಲ್ಲಿ ನೆಟ್ಟಗೆ ಜನ ಕೂರುವ ಹಾಲಿಗೆ ಹೋಗುತ್ತದೆ, ಕಿವಿಗೆ ಬರುವುದು ಅಳಿದುಳಿದದ್ದು. ಮರಿಯ ಮೊಣಕಾಲಿಗೆ ಸಂಗೀತ ಚೆನ್ನಾಗಿ ಗೊತ್ತು ಎಂದು ಅತ್ತಿಗೆ ರೇಗಿಸುತ್ತಿದ್ದಳು. ಹಾಗಾಗಿ ಯಾವ ಹಾಲಿಗೆ ಹೋಗಲಿ, ಜನ ಬರುವ ಮುಂಚೆ ಅವಳು ನಡುವೆ ಹೋಗಿ ನಿಂತು ಕೈ ಮೇಲೆ ಮಾಡಿದರೆ ಅವನು ತಿರುಪು ಏರಿಸುತ್ತಾನೆ, ಕೈ ಕೆಳಗೆ ಮಾಡಿದರೆ ಇಳಿಸುತ್ತಾನೆ. ಉಪ್ಪು ಸರಿಯಾಗಿದೆ ಎಂದರೂ ತಕರಾರು ತೆಗೆಯುವವನು ಈ ವಿಷಯದಲ್ಲಿ ಒಮ್ಮೆಯೂ ತುಟಿ ಪಿಟಕ್ಕೆಂದವನಲ್ಲ. ಅವಳೂ ಈ ವಿಷಯದಲ್ಲಿ ಒಮ್ಮೆಯೂ ಸುಳ್ಳು ತೋರಿಸಿದವಳಲ್ಲ.

ಅಂಗಡಿ ಒಂದು ಉದ್ದನೆಯ ಕೋಣೆ. ಬಾಗಿಲಿಂದ ಹಿಂದಿನ ಗೋಡೆಯವರೆಗೂ ಬಿಚ್ಚಿಟ್ಟ ರೇಡಿಯೋಗಳು, ಕೀಬೋರ್ಡುಗಳು, ಯಾರೋ ರಿಪೇರಿಗೆ ಕೊಟ್ಟು ಮರೆತುಹೋದ ಮೈಕುಗಳು. ಅಂಗಡಿಯವನನ್ನು ವಾದ್ಯಗಾರರೆಲ್ಲ ಬೆಸುಗೆ ಎಂದೇ ಕರೆಯುವುದು. ಅವನ ಅಂಗಿಯಲ್ಲಿ ಬೆಸುಗೆ ಕಡ್ಡಿ ಸುಟ್ಟ ತೂತುಗಳಿಲ್ಲದ ಜಾಗ ಹುಡುಕಬೇಕು. ಬಾಯಿಯೂ ಬಿಡುವಿಲ್ಲದ್ದು.

"ಅಯ್ಯೋ ಪಾಪ," ಎಂದು ಅವನು ಹರಿದ ಸ್ಪೀಕರನ್ನು ಬಿಚ್ಚಿ ದೀಪಕ್ಕೆ ಹಿಡಿದ. ಸೀಳಿನಲ್ಲಿ ಬೆಳಕು ಕಂಡಿತು. "ಕೆಲಸ ಮಾಡ್ತಾ ಮಾಡ್ತಾ ಹೋಗಿದೆ, ಪುಣ್ಯದ ಸಾವು. ನೋಡಿ, ಅಳತೆ ಇದೇ ಇರ್ಬೇಕು, ಕರೆಂಟು ತಡೆಯೋ ಓಮ್ ಇಷ್ಟೇ ಇರ್ಬೇಕು, ಇಲ್ದಿದ್ರೆ ಪೆಟ್ಟಿಗೆ ಸುಟ್ಟುಹೋಗುತ್ತೆ. ಉಳಿದದ್ದು ಕಿವಿಗೆ ಬಿಟ್ಟಿದ್ದು. ಮೂರಿವೆ. ಒಂದೊಂದಾಗಿ ಹಾಕ್ತೀನಿ."

ಮೊದಲನೆಯದಕ್ಕೆ ಮರಿ ಎರಡು ಸಾಲು ನುಡಿಸಿ ನಿಲ್ಲಿಸಿದ. "ವಾರ್ತೆ ಓದಿದ ಹಾಗಿದೆ. ತೆಗೀರಿ."

ಎರಡನೆಯದು ಭಾರೀ ಅಯಸ್ಕಾಂತದ್ದು. ಎತ್ತುವಾಗ ಬೆಸುಗೆ ಉಸ್ಸಪ್ಪಾ ಎಂದ. ಮರಿ ಒಂದು ತಂತಿ ಮೀಟಿದ, ಅಷ್ಟಕ್ಕೇ ಅವನ ಮುಖ ಹಿಗ್ಗಿತು. ಆಮೇಲೆ ಅವನನ್ನು ತಡೆಯುವವರೇ ಇಲ್ಲ. ಅತ್ತಿಗೆ ಎದುರಿಗಿದ್ದ ಸ್ಟೂಲಿನ ಮೇಲೆ ಕೂತು ಕೇಳಿದಳು. ಸ್ವರಗಳು ತೊಳೆದಿಟ್ಟ ಗಾಜಿನ ಹಾಗೆ ಥಳಥಳ ಎನ್ನುತ್ತಿದ್ದವು. ಇದು ಅವನ ಸದ್ದೇ, ಸಂಶಯವಿಲ್ಲ. ಈ ಸದ್ದಿನ ಜೊತೆ ತಾನು ಎಷ್ಟು ಸಲೀಸಾಗಿ ಮೇಲೇರಿ ಹಾಡುತ್ತಿದ್ದೆ ಎಂಬುದು ನೆನಪಾಗಿ ಅವಳಿಗೆ ಅಳು ಬಂತು. ಈಗ ಇದರೊಳಗೆ ಬೆರಳು ತೂರಿಸುವಷ್ಟೂ ಜಾಗವಿರಲಿಲ್ಲ.

"ಇದನ್ನೇ ಸ್ವಲ್ಪ ಸಣ್ಣಗೆ ಇಟ್ಕೊಂಡು ನುಡಿಸಿದ್ರೆ?" ಎಂದು ಕೇಳಿ ನೋಡಿದಳು.

"ಈ ಜಾತಿ ಪೆಟ್ಟಿಗೆ ಸಣ್ಣಗೆ ಇಟ್ರೆ ನಿದ್ದೆ ಹೊಡೆಯುತ್ತೆ ಅಕ್ಕ," ಎಂದ ಬೆಸುಗೆ. "ಒಂಚೂರು ಬಿಸಿ ಏರಿದ್ರೇನೇ ಅದಕ್ಕೆ ಜೀವ."

ಮೂರನೆಯದು ಕಂದು ಬಣ್ಣದ್ದು. ಅದರ ಕೋನಿಗೆ ಸೆಣಬಿನ ನಾರು ಬೆರೆಸಿರುತ್ತಾರಂತೆ. ಮರಿ ನುಡಿಸಿದ, ತಲೆ ಓರೆ ಮಾಡಿದ, ಇನ್ನೊಮ್ಮೆ ನುಡಿಸಿದ. ಸದ್ದು ದುಂಡಗಿತ್ತು, ಬೆಚ್ಚಗಿತ್ತು, ಚೂಪಿರಲಿಲ್ಲ.

"ಇದು ಕೆಟ್ಟದ್ದಲ್ಲ, ಆದ್ರೆ..." ಎಂದು ಮಾತು ಅಲ್ಲಿಗೇ ಬಿಟ್ಟು ಅವಳ ಕಡೆ ತಿರುಗಿದ. "ನೀವು ಹೇಳಿ ಅತ್ತಿಗೆ. ಎರಡನೇದಾ, ಇದಾ?"

ಅವಳ ಹತ್ತಿರ ಮೂರು ನೆಪ ತಯಾರಿದ್ದವು. ಮಿಂಚಿನ ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ. ಡ್ರಮ್ಮಿನ ತಾಳಕ್ಕೆ ಅಡ್ಡ ಬರುತ್ತದೆ. ಜನಕ್ಕೆ ತಲೆನೋವು ಬರುತ್ತದೆ. ಬೆಳಿಗ್ಗೆ ತರಕಾರಿ ಹೆಚ್ಚುತ್ತ ಒಂದೊಂದನ್ನೂ ಮನಸ್ಸಿನಲ್ಲೇ ಹೇಳಿ ನೋಡಿಕೊಂಡಿದ್ದಳು.

"ಇದೇ" ಎಂದಳು. "ಎರಡನೇದು ಚುಚ್ಚುತ್ತೆ."

ಮರಿಯ ಮುಖ ಒಂದು ಗಳಿಗೆ ಬಾಡಿತು, ಅಷ್ಟೆ. "ಸರಿ. ಇದನ್ನೇ ಹಾಕ್ಬಿಡಿ" ಎಂದು ಬೆಸುಗೆಗೆ ಹೇಳಿ ಗಿಟಾರಿನ ಪಟ್ಟಿ ಬಿಚ್ಚತೊಡಗಿದ. ಯಾಕೆ ಎಂದು ಕೇಳಲಿಲ್ಲ, ಇನ್ನೊಮ್ಮೆ ಕೇಳಿ ನೋಡೋಣ ಎನ್ನಲಿಲ್ಲ.

ಅವನು ವಾದ ಮಾಡಿದ್ದರೆ ಅವಳೂ ಮಾಡುತ್ತಿದ್ದಳು. ಮೂರು ನೆಪಗಳನ್ನೂ ಹೂವು ಎತ್ತಿದ ಹಾಗೆ ಹೇಳಿ ಗೆದ್ದು ಮನೆಗೆ ಬರುತ್ತಿದ್ದಳು. ಅವನು ಕಣ್ಣು ಮುಚ್ಚಿ ನಂಬಿಬಿಟ್ಟದ್ದು ಮಾತ್ರ ಅವಳಿಂದ ತಡೆಯಲಾಗಲಿಲ್ಲ. ಬೆಸುಗೆ ಸ್ಕ್ರೂಡ್ರೈವರ್ ಎತ್ತಿಕೊಂಡಿದ್ದ.

"ನಿಲ್ಲಿ," ಎಂದಳು. "ಮರಿ, ನಾನು ಸುಳ್ಳು ಹೇಳ್ದೆ."

"ಏನು?"

"ಎರಡನೇದು ಚುಚ್ಚಲ್ಲ. ಅದು ನಿನ್ನದೇ ಸದ್ದು. ಬಂಗಾರದಂಥ ಸದ್ದು. ಆದ್ರೆ ಅದರ ಜೊತೆ ನಂಗೆ ಹಾಡೋಕಾಗಲ್ಲ. ಆಪರೇಷನ್ ಆದ್ಮೇಲೆ ಮೇಲಿನ ಸ್ವರ ಬರ್ತಿಲ್ಲ, ಜೋರೂ ಬರ್ತಿಲ್ಲ. ಇಷ್ಟು ದಿನ ಆ ಹಳೇದು ಹೇಗೋ ಮುಚ್ಚಿಕೊಂಡು ಬಂತು."

ಬೆಸುಗೆ ಸ್ಕ್ರೂಡ್ರೈವರನ್ನು ಕೆಳಗಿಟ್ಟ. ಮರಿ ಗಿಟಾರನ್ನು ಎದೆಗೆ ಹಿಡಿದುಕೊಂಡೇ ನಿಂತಿದ್ದ.

"ಅಣ್ಣಂಗೆ ಗೊತ್ತಾ?"

"ಇಲ್ಲ."

"ಒಂದು ವರ್ಷದಿಂದ ಒಬ್ರೇ ಇದನ್ನ ಹೊಟ್ಟೇಲಿ ಇಟ್ಕೊಂಡಿದ್ರಾ?" ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು. "ನಾವಿಬ್ರು ಏನು, ಕಂಬಗಳಾ?"

"ಕಂಬಗಳೇ" ಎಂದಳು ಅತ್ತಿಗೆ. ಅಳುವ ಹೊತ್ತಿನಲ್ಲೂ ಅವಳ ಬಾಯಿ ಸುಮ್ಮನಿರುವಂಥದ್ದಲ್ಲ.

ಮರಿ ಗಿಟಾರನ್ನು ಬೆಸುಗೆಯ ಕೈಗೆ ತುರುಕಿದ. "ನಿಮಗೆ ಗಿಟಾರಿನ ನಾಲ್ಕು ಕಾರ್ಡ್ ನುಡಿಸೋಕೆ ಬರುತ್ತಲ್ಲ?"

"ನಾಲ್ಕೇ ಬರೋದು."

"ಸಾಕು. ಅತ್ತಿಗೆ, ನೀವು ಇಲ್ಲಿ ನಿಂತು ಹಾಡಿ. ನಾನು ಅಲ್ಲಿ ಕೂರ್ತೀನಿ."

ಅವಳು ಬೇಡ ಎಂದಳು, ಅಂಗಡಿಯಲ್ಲಿ ಹೇಗೆ ಎಂದಳು, ಗಂಟಲು ಕಟ್ಟಿದೆ ಎಂದಳು. ಅವನು ಸ್ಟೂಲಿನ ಮೇಲೆ ಹೋಗಿ ಕೂತೇಬಿಟ್ಟ. ಬೆಸುಗೆ ಎರಡನೆಯ ಸ್ಪೀಕರಿಗೆ ತಂತಿ ಬದಲಿಸಿ ತನ್ನ ನಾಲ್ಕು ಕಾರ್ಡನ್ನು ಸುತ್ತು ಹಾಕತೊಡಗಿದ. ಅಂಗಡಿಯ ಒಂದು ಮೈಕ್ ಹಿಡಿದು ಅವಳು ಹಾಡಿದಳು. ಮೂರನೇ ಸಾಲಿಗೆ ಬರುವ ಹೊತ್ತಿಗೆ ಮರಿ ಮುಂದಕ್ಕೆ ಬಾಗಿ, ಕಿವಿಗೆ ಕೈ ಒಡ್ಡಿ, ಅವಳ ತುಟಿಗಳನ್ನು ನೋಡಿ ಹಾಡನ್ನು ಊಹಿಸುತ್ತಿದ್ದ. ಅವಳು ನಿಲ್ಲಿಸಿದಳು. ಬೆಸುಗೆ ಕಂದು ಸ್ಪೀಕರಿಗೆ ತಂತಿ ಬದಲಿಸಿದ. ಅವಳು ಮತ್ತೆ ಹಾಡಿದಳು. ಈ ಸಲ ಮರಿ ಬಾಗಲಿಲ್ಲ. ಬೆಸುಗೆಯ ಕಾರ್ಡುಗಳು ತಪ್ಪುತ್ತಿದ್ದವು, ಅವಳು ಅದನ್ನು ಲೆಕ್ಕಿಸದೆ ಪಲ್ಲವಿ ಮುಗಿಸಿ ಚರಣಕ್ಕೂ ಹೋದಳು.

ಹಾಡು ಮುಗಿದ ಮೇಲೆ ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ.

"ಮೇಲಿಂದು ಹೋಗಿದೆ ಅತ್ತಿಗೆ," ಎಂದ. "ಪೂರ್ತಿ ಹೋಗಿದೆ."

ಒಂದು ವರ್ಷದಿಂದ ಯಾರ ಬಾಯಲ್ಲೂ ಕೇಳಬಾರದು ಎಂದು ಹೆದರಿದ್ದ ಮಾತು ಅದು. ಕೇಳಿದ ಮೇಲೆ ಅವಳಿಗೆ ಎಷ್ಟೋ ಹಗುರವಾಯಿತು. ಸುಳ್ಳು ಸಮಾಧಾನ ಹೇಳಿದ್ದರೆ ಅವಳು ಅಲ್ಲೇ ಕುಸಿಯುತ್ತಿದ್ದಳು.

"ಆದ್ರೆ ಈ ಕೆಳಗಿನ ದನಿ..." ಅವನು ಕನ್ನಡಕ ಮತ್ತೆ ಹಾಕಿಕೊಂಡ. "ಇದು ಎಲ್ಲಿತ್ತು? ಇಷ್ಟು ವರ್ಷ ನಿಮ್ಮ ಹಿಂದೆ ನಿಂತು ನುಡಿಸಿದೀನಿ. ನಿಮ್ಮ ಹಾಡು ಎದುರು ಹಾಲಿಗೆ ಹೋಗ್ತಿತ್ತು, ನಂಗೆ ಕಂಡಿದ್ದು ನಿಮ್ಮ ಬೆನ್ನು. ಎದುರು ಕೂತು ಕೇಳಿದ್ದು ಇದೇ ಮೊದಲು."

"ನಿನ್ನ ಸದ್ದಿನ ಗತಿ ಏನು ಹಾಗಾದ್ರೆ?"

"ಅದನ್ನ ಇಲ್ಲಿ ಬಿಟ್ಟು ಹೋಗೋಕೆ ನಂಗೆ ಹೊಟ್ಟೆ ಉರೀತಿದೆ. ಯಾಕೆ ಸುಳ್ಳು ಹೇಳ್ಲಿ?" ಅವನು ಎರಡನೆಯ ಸ್ಪೀಕರಿನ ಅಂಚನ್ನು ಒಮ್ಮೆ ಸವರಿದ. "ಆದ್ರೆ ನೀವು ಹಾಡದೆ ಅದನ್ನ ನುಡಿಸ್ಕೊಂಡು ನಾನೇನು ಮಾಡ್ಲಿ?"

ಬೆಸುಗೆ ಸ್ಕ್ರೂಡ್ರೈವರ್ ಮತ್ತೆ ಎತ್ತಿಕೊಂಡ. "ಈಗ ಯಾವುದನ್ನ ಹಾಕ್ಲಿ ಅಂತ ಒಬ್ರು ಹೇಳಿ."

"ಅವರನ್ನ ಕೇಳಿ," ಎಂದ ಮರಿ. "ಹಾಲಿಗೆ ಯಾವುದು ಒಳ್ಳೇದು ಅಂತ ಕೇಳ್ಬೇಡಿ. ಅವರಿಗೆ ಯಾವುದು ಬೇಕು ಅಂತ ಕೇಳಿ."

ಹಾಗೆ ಅವಳನ್ನು ಯಾರೂ ಕೇಳಿರಲಿಲ್ಲ. ಹಾಲಿಗೆ, ಮೇಳಕ್ಕೆ, ಗಿಟಾರಿಗೆ, ಡ್ರಮ್ಮಿಗೆ ಏನು ಬೇಕೆಂದು ಅವಳು ಥಟ್ಟನೆ ಹೇಳಬಲ್ಲಳು. ಈಗ ಅವಳು ಎರಡು ಸ್ಪೀಕರುಗಳನ್ನೂ ಒಂದೊಂದಾಗಿ ನೋಡಿದಳು.

"ಕಂದು ಬಣ್ಣದ್ದು," ಎಂದಳು ಕೊನೆಗೆ. "ನಂಗೆ ಅದೇ ಬೇಕು. ನಂಗಿನ್ನೂ ಹಾಡ್ಬೇಕು."

ಬೆಸುಗೆ ಸ್ಕ್ರೂ ಬಿಗಿಯತೊಡಗಿದ, ಮರಿ ಬಗ್ಗಿ ಪೆಟ್ಟಿಗೆಯನ್ನು ಅಲುಗದಂತೆ ಹಿಡಿದುಕೊಂಡ.